ಅಪ್ಪ ಮಂಡಿನೋವು ಮುಚ್ಚಿಡುತ್ತಿದ್ದಾರೆ, ಬೆಟ್ಟಕ್ಕೆ ಕರೆದುಕೊಂಡು ಹೋಗಲೇ?

ಪ್ರಶ್ನೆ: ನನಗೆ 37 ವರ್ಷ, ಅಪ್ಪನಿಗೆ 67. ನಾನು ಸ್ಕೂಲಿನಲ್ಲಿದ್ದಾಗ ರಜೆ ಬಂತೆಂದರೆ ಅಪ್ಪ ನನ್ನನ್ನು ಬೆಟ್ಟ ಹತ್ತಿಸುತ್ತಿದ್ದರು. ‘ನಾನು ಕೆಲಸ ಬಿಟ್ಟ ಮೇಲೆ ಒಂದು ದೊಡ್ಡ ಬೆಟ್ಟಕ್ಕೆ ಹೋಗೋಣ ಮಗಳೇ’ ಅನ್ನುತ್ತಿದ್ದರು. ಹೋದ ವರ್ಷ ಕೆಲಸ ಬಿಟ್ಟರು. ಇಬ್ಬರೂ ಸೇರಿ ಐದು ದಿನದ ಒಂದು ಚಾರಣ ಆರಿಸಿದ್ದೇವೆ. ಹೊರಡಲು ಇನ್ನೂ ನಾಲ್ಕು ತಿಂಗಳಿದೆ. ಮೂರನೇ ರಾತ್ರಿಯ ಕ್ಯಾಂಪ್ 3,300 ಮೀಟರ್ ಎತ್ತರದಲ್ಲಿ. ನಾಲ್ಕನೇ ದಿನ 4,200 ಮೀಟರ್ ಎತ್ತರದ ಪಾಸ್ (ಬೆಟ್ಟಸಾಲಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಜಾಗ) ದಾಟಿ ಆಚೆ ಕಡೆಗೆ 1,300 ಮೀಟರ್ ಇಳಿಯಬೇಕು. ಅವತ್ತು ಒಟ್ಟು 14 ಕಿಲೋಮೀಟರ್ ನಡಿಗೆ.

ಹೋದ ವಾರ ಅಪ್ಪ ಮೆಟ್ಟಿಲು ಇಳಿಯುವುದನ್ನು ನೋಡಿದೆ. ಅಡ್ಡಡ್ಡ ತಿರುಗಿ, ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುತ್ತಿದ್ದರು. ನನ್ನನ್ನು ನೋಡಿದ ತಕ್ಷಣ ನಿಂತು, ಜೇಬಿನಿಂದ ಫೋನು ತೆಗೆದು ಏನೋ ಓದುವವರ ಹಾಗೆ ಮಾಡಿದರು. ಅವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೇಳಿದರೆ ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅನ್ನುತ್ತಾರೆ. ಅವತ್ತು ಸಂಜೆಯೇ 80 ವರ್ಷದ ಜಪಾನಿನವರೊಬ್ಬರು ಎವರೆಸ್ಟ್ ಹತ್ತಿದ ಸುದ್ದಿ ಫಾರ್ವರ್ಡ್ ಮಾಡಿದರು! ಅಣ್ಣ ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ, ಏನಾದ್ರೂ ಆದ್ರೆ ನೀನೇ ಹೊಣೆ’ ಅನ್ನುತ್ತಾನೆ. ಅಮ್ಮ ಏನೂ ಹೇಳುವುದಿಲ್ಲ.

‘ಆ ದಾರಿಗೆ ಪರ್ಮಿಟ್ ಸಿಗಲಿಲ್ಲ’ ಅಂತ ಅಪ್ಪನಿಗೆ ಹೇಳಿ, ಸದ್ದಿಲ್ಲದೆ ಸುಲಭದ ಚಾರಣ ಬುಕ್ ಮಾಡಿಬಿಡೋಣ ಅಂದುಕೊಂಡಿದ್ದೇನೆ. ಅವರ ಮನಸ್ಸಿಗೂ ನೋವಾಗುವುದಿಲ್ಲ, ಮಂಡಿಗೂ ನೋವಾಗುವುದಿಲ್ಲ. ಇದು ಸರಿಯಾ?

– ಹೆಸರು ಬೇಡ

ಉತ್ತರ: ಸರಿಯಲ್ಲ. ಆ ಪರ್ಮಿಟ್ಟಿನ ಕತೆಯನ್ನು ಮೊದಲು ಕೈಬಿಡಿ. ಚಾರಣ ಆಗುತ್ತದೋ ಇಲ್ಲವೋ ಆಮೇಲೆ ನೋಡೋಣ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದಿಷ್ಟು. ಅಪ್ಪ ಮಂಡಿನೋವು ಮುಚ್ಚಿಡುತ್ತಿದ್ದಾರೆ. ಅದು ಗೊತ್ತಾಗಿದೆ ಅನ್ನುವುದನ್ನು ನೀವು ಮುಚ್ಚಿಡುತ್ತಿದ್ದೀರಿ. ಅಮ್ಮನಿಗೆ ಇಬ್ಬರದೂ ಗೊತ್ತು, ಅವರೂ ಬಾಯಿ ಬಿಡುತ್ತಿಲ್ಲ. ಒಂದು ಮಂಡಿಯ ಸುತ್ತ ಇಡೀ ಮನೆ ಕಣ್ಣಾಮುಚ್ಚಾಲೆ ಆಡುತ್ತಿದೆ. ಮನೆಯಲ್ಲಿ ಇದು ನಡೆಯುತ್ತದೆ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ವಿಷಯಕ್ಕೆ ನಡೆಯುತ್ತಲೇ ಇರುತ್ತದೆ. 4,200 ಮೀಟರ್ ಎತ್ತರದಲ್ಲಿ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ನೂರಕ್ಕೆ ಸುಮಾರು 60 ಭಾಗ ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ವಯಸ್ಸಾದವರಿಗೇ ಬರಬೇಕು ಅಂತೇನಿಲ್ಲ, ಗಟ್ಟಿಮುಟ್ಟಾದ 25ರ ಹುಡುಗರೂ ಮಲಗಿಬಿಡುತ್ತಾರೆ. ಅದು ಶುರುವಾಗುವುದು ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು, ಸುಸ್ತು, ಹೀಗೆ ಸಣ್ಣ ಸಣ್ಣದರಿಂದ. ಇದ್ಯಾವುದೂ ಹೊರಗೆ ಕಾಣುವುದಿಲ್ಲ. ತಲೆನೋಯುತ್ತಿರುವವರು ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹೇಳಿದರೆ ಮದ್ದು ಸುಲಭ: ಅವತ್ತು ಮೇಲೆ ಹೋಗದೆ ಅಲ್ಲೇ ಉಳಿಯುವುದು, ಜಾಸ್ತಿಯಾದರೆ ಕೆಳಗೆ ಇಳಿಯುವುದು. ಹೇಳದೆ ಹತ್ತುತ್ತಾ ಹೋದರೆ ಮಿದುಳಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಮಟ್ಟಕ್ಕೆ ಹೋಗಬಹುದು. ಮಂಡಿನೋವು ಮುಚ್ಚಿಡುವ ಮನುಷ್ಯ ತಲೆನೋವನ್ನೂ ಮುಚ್ಚಿಡುತ್ತಾರೆ. ನನ್ನ ಭಯ ಅದು. ಮಂಡಿ ಆಮೇಲಿನದು.

ಹಾಗಾಗಿ ಮೊದಲು ಮಾತಾಡಿ. ಊಟದ ಹೊತ್ತಿನಲ್ಲಿ ಬೇಡ, ಅಣ್ಣನ ಎದುರಿಗಂತೂ ಬೇಡವೇ ಬೇಡ. ಇಬ್ಬರೇ ವಾಕಿಂಗ್ ಹೋದಾಗ ಮಾತಾಡಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಕಷ್ಟದ ಮಾತು ಆಗ ಸ್ವಲ್ಪ ಸಲೀಸು. ‘ಅಪ್ಪಾ, ಅವತ್ತು ನೀವು ಮೆಟ್ಟಿಲು ಇಳಿಯೋದು ನೋಡಿದೆ. ಮಂಡಿ ನೋಯ್ತಿದೆ ಅಲ್ವಾ?’ ಅನ್ನಿ. ಆಮೇಲೆ ಸುಮ್ನಿರಿ. ಅವರು ಇಲ್ಲ ಅನ್ನುತ್ತಾರೆ, ಮಾತು ಮರೆಸುತ್ತಾರೆ. ಬಿಡಿ. ಸ್ವಲ್ಪ ದೂರ ಹೋದ ಮೇಲೆ ನಿಮ್ಮ ಭಯವನ್ನೂ ಹೇಳಿ. ‘ನೀವು ನಂಗೆ ನಿಜ ಹೇಳಲ್ಲ ಅಂದ್ರೆ ಮೇಲೆ ಹೋದಾಗ ನಾನು ದಾರಿ ನೋಡೋ ಬದಲು ನಿಮ್ಮ ಮುಖಾನೇ ನೋಡ್ತಿರ್ತೀನಿ’ ಅಂತ. ಚಿಕ್ಕವರಿದ್ದಾಗ ನಿಮ್ಮನ್ನು ಬೆಟ್ಟ ಹತ್ತಿಸಿದವರಿಗೆ ಈ ಮಾತು ಅರ್ಥವಾಗುತ್ತದೆ. ಅವರೂ ಆಗ ನಿಮ್ಮ ಮುಖ ನೋಡುತ್ತಲೇ ನಡೆದಿರುತ್ತಾರೆ.

ಅಮ್ಮನನ್ನು ಗುಟ್ಟಾಗಿ ಕೇಳಿದರೆ ಎಲ್ಲ ಗೊತ್ತಾಗುತ್ತದೆ, ಅದು ನಿಮಗೂ ಗೊತ್ತು. ಆದರೆ ಕೇಳಬೇಡಿ. ಅವರನ್ನು ಗೂಢಚಾರಿಣಿ ಮಾಡುವುದು ಯಾಕೆ?

ಇನ್ನು ಆ ಜಪಾನಿನವರ ವಿಷಯ. ಅವರ ಹೆಸರು ಯೂಇಚಿರೊ ಮಿಯುರಾ. 2013ರಲ್ಲಿ, 80ನೇ ವಯಸ್ಸಿನಲ್ಲಿ ಎವರೆಸ್ಟ್ ಹತ್ತಿದ್ದು ನಿಜ. ಅಪ್ಪ ಫಾರ್ವರ್ಡ್ ಮಾಡಿದ ಸುದ್ದಿಯಲ್ಲಿ ಇದ್ದಿರಲಾರದ ಮಾತೊಂದಿದೆ. ಅವರು ಜೀವನಪೂರ್ತಿ ಹಿಮದ ಬೆಟ್ಟಗಳಲ್ಲೇ ಕಳೆದ ಸ್ಕೀ ಆಟಗಾರ. ಇಳಿಯುವಾಗ ಸುಸ್ತಾಗಿ, ಸುಮಾರು 6,500 ಮೀಟರ್ ಎತ್ತರದ ಕ್ಯಾಂಪಿನಿಂದ ಕೆಳಕ್ಕೆ ಹೆಲಿಕಾಪ್ಟರಿನಲ್ಲಿ ಬಂದರು. ಇದು ಅವರ ಸಾಧನೆಯನ್ನೇನೂ ಸಣ್ಣದು ಮಾಡುವುದಿಲ್ಲ. ಇಳಿಯುವುದು ಎಂಥ ಕೆಲಸ ಅನ್ನುವುದನ್ನು ತೋರಿಸುತ್ತದೆ, ಅಷ್ಟೇ. ಅಪ್ಪನಿಗೆ ಇದನ್ನೂ ಫಾರ್ವರ್ಡ್ ಮಾಡಿ.

ನಿಮ್ಮ ಚಾರಣದಲ್ಲೂ ಕಷ್ಟದ ಭಾಗ ಇಳಿಯುವುದೇ. ಎಲ್ಲರೂ ‘900 ಮೀಟರ್ ಹತ್ತಬೇಕಂತೆ’ ಅಂತ ಹೆದರುತ್ತಾರೆ. ಹತ್ತುವಾಗ ಕೆಲಸ ಎದೆಗೆ. ಏದುಸಿರು ಬಂದರೆ ನಿಲ್ಲಬಹುದು, ಎರಡು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತೀರಿ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಯುವುದು ತೊಡೆಯ ಸ್ನಾಯು ಮತ್ತು ಮಂಡಿಚಿಪ್ಪು. ತೊಡೆ ಸೋತಿತೆಂದರೆ ಕಾಲು ನಡುಗಲು ಶುರು, ಆಗ ಎಡವುವುದು ಜಾಸ್ತಿ. ಅದೂ ಬೆಳಗಿನಿಂದ ನಡೆದು ದಣಿದ ಹೊತ್ತಿನಲ್ಲಿ 1,300 ಮೀಟರ್!

ಈಗ ಸಮಯದ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್‌ಲ್ಯಾಂಡಿನ ಪರ್ವತಾರೋಹಿ ಒಂದು ಸೂತ್ರ ಹೇಳಿದರು. ಸಮತಟ್ಟಿನಲ್ಲಿ ಗಂಟೆಗೆ ಸುಮಾರು ಐದು ಕಿಲೋಮೀಟರ್, ಅದರ ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇಂದಿಗೂ ಚಾರಣಿಗರು ಇದನ್ನು ಬಳಸುತ್ತಾರೆ. ನಿಮ್ಮ ನಾಲ್ಕನೇ ದಿನಕ್ಕೆ ಹಾಕಿದರೆ ನಾಲ್ಕು ಗಂಟೆ 20 ನಿಮಿಷ ಬರುತ್ತದೆ. ಆ ಲೆಕ್ಕವನ್ನು ನಂಬಿ ಹೊರಟರೆ ಕೆಟ್ಟಿರಿ. ಅದರಲ್ಲಿ ವಿಶ್ರಾಂತಿ ಇಲ್ಲ, ತೆಳು ಗಾಳಿ ಇಲ್ಲ, ಕಡಿದಾದ ಇಳಿಜಾರಿನಲ್ಲಿ ಹೆಜ್ಜೆ ನಿಧಾನವಾಗುವ ಲೆಕ್ಕ ಇಲ್ಲ, 67 ವರ್ಷ ಇಲ್ಲ. ಅದು ಚುರುಕಾಗಿ ನಡೆಯುವವರ ಲೆಕ್ಕ. ನಿಮಗೆ ಬೇಕಾದದ್ದು ಅಪ್ಪನ ಲೆಕ್ಕ. ಹತ್ತಿರದಲ್ಲಿ ಯಾವುದಾದರೂ ಬೆಟ್ಟ ನೋಡಿ, ಚಾರಣದಲ್ಲಿ ಹೊರುವಷ್ಟೇ ಭಾರ ಹೊತ್ತು ಹತ್ತಿ. ಗಂಟೆಗೆ ಎಷ್ಟು ಮೀಟರ್ ಎತ್ತರ ಏರಿದಿರಿ, ಇಳಿಯಲು ಎಷ್ಟು ಹೊತ್ತು ಬೇಕಾಯಿತು, ಬರೆದುಕೊಳ್ಳಿ. ಗಂಟೆಗೆ 300 ಮೀಟರ್ ಏರಿದರು ಅಂತಿಟ್ಟುಕೊಳ್ಳಿ. ಆಗ ಪಾಸ್ ಮುಟ್ಟಲು ಕಡಿಮೆಯೆಂದರೂ ಮೂರು ಗಂಟೆ, ತೆಳು ಗಾಳಿಯಲ್ಲಿ ನಾಲ್ಕು ದಾಟಿದರೂ ಆಶ್ಚರ್ಯವಿಲ್ಲ. ಇಳಿಯುವುದಕ್ಕೆ ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಒಟ್ಟು ಕತ್ತಲಾಗುವ ಹೊತ್ತಿಗೆ ಬಂದು ನಿಂತರೆ, ಆ ಲೆಕ್ಕವನ್ನು ಅಪ್ಪನ ಮುಂದಿಡಿ. ನೀವು ಹೇಳಿದರೆ ವಾದ ಮಾಡುವವರು ಗಡಿಯಾರದ ಜೊತೆ ವಾದ ಮಾಡುವುದಿಲ್ಲ.

ಒಂದು ದಿನದ ನಡಿಗೆ ಸಾಲದು. ಎರಡು ದಿನ ಬೆನ್ನುಬೆನ್ನಿಗೆ ನಡೆಯಿರಿ. ಇಳಿಜಾರಿನ ಏಟು ಅವತ್ತೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಕಳೆದ ಮೇಲೆ ತೊಡೆ ಹಿಡಿದುಕೊಳ್ಳುತ್ತದೆ. ಮೂರನೇ ದಿನ ಬೆಳಿಗ್ಗೆ ಅಪ್ಪ ಕುರ್ಚಿಯಿಂದ ಹೇಗೆ ಏಳುತ್ತಾರೆ ನೋಡಿ. ಚಾರಣದ ಕೋಲು ಎರಡು ಕೊಳ್ಳಿ, ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಲಿ. ಮಂಡಿಯ ಮೇಲಿನ ಭಾರ ನಿಜವಾಗಿಯೂ ಕಡಿಮೆಯಾಗುತ್ತದೆ. ಕೋಲು ಹಿಡಿದರೆ ಮುದುಕ ಅನ್ನಿಸಿಕೊಳ್ಳುತ್ತೇನೆ ಅನ್ನುವವರಿಗೆ ಒಂದು ಉಪಾಯವಿದೆ. ನೀವೂ ಎರಡು ಹಿಡಿಯಿರಿ. ಬ್ಯಾಗಿನ ವಿಷಯದಲ್ಲೂ ಹಾಗೆಯೇ. ಹೊರುವವರಿಗೆ ಕೊಟ್ಟರೆ ಇಬ್ಬರದೂ ಕೊಡಿ, ಅವರದೊಂದೇ ಕೊಡಬೇಡಿ.

ಇದಕ್ಕೆಲ್ಲ ಮೊದಲು ಡಾಕ್ಟರು. ಮಂಡಿಯ ಜೊತೆಗೆ ಎದೆಯನ್ನೂ ನೋಡಲಿ. ಬಿಪಿ ಮಾತ್ರೆ ಅಂದಿರಿ, ಯಾವುದು ಅಂತ ಬರೆದಿಲ್ಲ. ಅದು ಮುಖ್ಯ. ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನು ಏರಲು ಬಿಡುವುದಿಲ್ಲ. ಬೇಗ ಸುಸ್ತಾಗುತ್ತದೆ, ಆದರೆ ಕೈಗಡಿಯಾರದಲ್ಲಿ ಬಡಿತ ಚೆನ್ನಾಗಿಯೇ ಕಾಣುತ್ತದೆ. ಇನ್ನು ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ. ಎತ್ತರದಲ್ಲಿ ಮೊದಲೇ ಮೈಯ ನೀರು ಬೇಗ ಕಳೆಯುತ್ತದೆ, ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಎತ್ತರಕ್ಕೆ ಹೋಗುವವರಿಗೆ ಕೊಡುವ ಅಸಿಟಜೋಲಮೈಡ್ ಅಪ್ಪನಿಗೆ ಹೊಂದುತ್ತದಾ ಅಂತಲೂ ಕೇಳಿ.

ಇನ್ನೊಂದು ವಿಷಯವನ್ನು ಡಾಕ್ಟರ ಎದುರಿಗೇ ಎತ್ತಿ: ನೋವಿನ ಮಾತ್ರೆ. ಮಂಡಿನೋವು ಮುಚ್ಚಿಡುವವರು ಜೇಬಿನಲ್ಲಿ ಒಂದು ಸ್ಟ್ರಿಪ್ ಇಟ್ಟುಕೊಂಡಿರುವುದು ಹೆಚ್ಚುಕಮ್ಮಿ ಖಾತ್ರಿ. ಐಬುಪ್ರೊಫೆನ್ ಥರದ ಮಾತ್ರೆಗಳು ಬಿಪಿ ಏರಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ, ಬಿಪಿ ಮಾತ್ರೆಯ ಜೊತೆ ಸೇರಿದರೆ ಅಪಾಯ ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ನುಂಗುತ್ತಿದ್ದರೆ ಡಾಕ್ಟರಿಗೆ ಗೊತ್ತಿರಲೇಬೇಕು. ಅಪ್ಪ ಅಲ್ಲಿ ನಿಜ ಹೇಳುತ್ತಾರಾ? ನಿಮ್ಮ ವಾಕಿಂಗಿನ ಮಾತು ಸರಿಯಾಗಿ ಆಗಿದ್ದರೆ ಹೇಳುತ್ತಾರೆ.

ಡಾಕ್ಟರು ಬೇಡ ಅಂದರೆ ಬೇಡ. ಅಲ್ಲಿಗೆ ಮುಗಿಯಿತು. ಸರಿ, ಹೋಗಬಹುದು ಅಂದರೆ, ನಾಲ್ಕು ತಿಂಗಳು ಕಡಿಮೆ ಸಮಯವೇನಲ್ಲ. 67ರಲ್ಲೂ ಸ್ನಾಯು ಬಲಿಯುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗಿಡ್ಡ ಮೆಟ್ಟಿಲಿನಿಂದ ನಿಧಾನವಾಗಿ ಒಂದೊಂದೇ ಕಾಲು ಇಳಿಸುವುದು, ಇಷ್ಟರಿಂದಲೇ ಶುರು ಮಾಡಬಹುದು. ಫಿಸಿಯೋಥೆರಪಿಯವರು ಅವರ ಮಂಡಿಗೆ ಹೊಂದುವುದನ್ನು ಹೇಳಿಕೊಡುತ್ತಾರೆ. ಚಾರಣ ನಡೆಸುವವರಿಗೂ ಒಂದು ಮಾತು ಹೇಳಿ: ಮಧ್ಯೆ ಒಂದು ದಿನ ಬಿಡುವು ಬೇಕು ಅಂತ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಅನ್ನುವುದು ಬೆಟ್ಟದ ವೈದ್ಯರು ಹೇಳುವ ಮಾತು. ವಿಮೆ ಮಾಡಿಸುವುದಾದರೆ ಅದು ಆ ಎತ್ತರಕ್ಕೂ ಆ ವಯಸ್ಸಿಗೂ ಅನ್ವಯಿಸುತ್ತದಾ ನೋಡಿಕೊಳ್ಳಿ.

ಬೆಟ್ಟದಲ್ಲಿ ಅಪ್ಪ ಮುಂದೆ ನಡೆಯಲಿ, ನೀವು ಹಿಂದೆ. ಅವರ ಹೆಜ್ಜೆಯೇ ಇಬ್ಬರ ಹೆಜ್ಜೆ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ‘ಆರಾಮಿದ್ದೀರಾ?’ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಪ್ರಪಂಚದ ಎಲ್ಲ ಅಪ್ಪಂದಿರ ಉತ್ತರವೂ ಒಂದೇ. ಗಂಟೆಗೊಮ್ಮೆ ನಿಂತು ಮೊದಲು ನಿಮ್ಮದು ಹೇಳಿ. ‘ನಂಗೆ ಹಿಮ್ಮಡಿ ಉಜ್ಜುತ್ತಿದೆ, ತಲೆ ಸ್ವಲ್ಪ ಭಾರ’ ಅಂತ. ಆಮೇಲೆ ‘ನಿಮ್ಮ ಮಂಡಿ ಹತ್ತಕ್ಕೆ ಎಷ್ಟು?’ ಅಂತ ಕೇಳಿ. ನೋವಾಗುತ್ತಿದೆ ಅನ್ನಲು ನಾಚುವವರು ‘ನಾಲ್ಕು’ ಅನ್ನಲು ನಾಚುವುದಿಲ್ಲ. ಆದರೆ ಅವರು ಕುಡಿದವರ ಹಾಗೆ ತೂರಾಡಿದರೆ, ತಿಕ್ಕಲುತಿಕ್ಕಲಾಗಿ ಮಾತಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಿಟ್ಟರೆ, ಅವರನ್ನು ಕೇಳುವುದೇ ಬೇಡ. ರಾತ್ರಿಯಾಗಿದ್ದರೂ ಗೈಡನ್ನು ಎಬ್ಬಿಸಿ ಕೆಳಗೆ ಇಳಿಸಿ.

ಪಾಸ್ ದಾಟಬೇಕೋ ಬೇಡವೋ ಅನ್ನುವ ತೀರ್ಮಾನ 3,300 ಮೀಟರಿನ ಕ್ಯಾಂಪಿನಲ್ಲೇ ಆಗಬೇಕು. ದಾಟಿದ ಮೇಲೆ ವಾಪಸ್ ಬರುವುದು ಮುಂದೆ ಹೋಗುವಷ್ಟೇ ಕಷ್ಟ. ‘ಬೇಡ’ ಅನ್ನುವ ಹಕ್ಕು ಇಬ್ಬರಿಗೂ ಇರಲಿ, ಕಾರಣ ಕೇಳುವ ಹಕ್ಕು ಯಾರಿಗೂ ಬೇಡ. ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ, ಗೈಡಿಗೂ ಹೇಳಿಡಿ.

ನನ್ನನ್ನು ಕೇಳಿದರೆ, ಇನ್ನೊಂದು ದಾರಿಯೂ ಇದೆ. ಎರಡು ದಿನದ ಪರೀಕ್ಷೆಯಲ್ಲಿ ಮಂಡಿ ಕೈಕೊಟ್ಟರೆ ಬೇರೆ ಸುಲಭದ ಚಾರಣ ಹುಡುಕಬೇಡಿ. ಅದೇ ಬೆಟ್ಟಕ್ಕೆ, ಅದೇ ದಾರಿಯಲ್ಲಿ ಹೋಗಿ. ಮೂರನೇ ಕ್ಯಾಂಪಿನಲ್ಲಿ ಎರಡು ರಾತ್ರಿ ಉಳಿದು, ಮಧ್ಯದ ದಿನ ಖಾಲಿ ಕೈಯಲ್ಲಿ ಆದಷ್ಟು ಮೇಲೆ ಹೋಗಿ ಬಂದು, ಹತ್ತಿದ ದಾರಿಯಲ್ಲೇ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯಿರಿ. ದೊಡ್ಡ ಬೆಟ್ಟವೂ ಸಿಗುತ್ತದೆ, ಆ 1,300 ಮೀಟರಿನ ಇಳಿಜಾರೂ ತಪ್ಪುತ್ತದೆ. ಆದರೆ ಇದನ್ನು ಆರಿಸಬೇಕಾದವರು ಅಪ್ಪ. ನೀವು ನಕಾಶೆ ಬಿಡಿಸಿ ಎರಡೂ ದಾರಿ ತೋರಿಸಿ, ಅಷ್ಟೇ.

ಅಣ್ಣನಿಗೆ ಹೆಚ್ಚು ಹೇಳುವುದೇನಿಲ್ಲ. ಡಾಕ್ಟರ ಹತ್ತಿರ ಅಪ್ಪನನ್ನು ಅವನೇ ಕರೆದುಕೊಂಡು ಹೋಗಲಿ. ಹೊಣೆಯ ಮಾತಾಡುವವರಿಗೆ ಒಂದು ಕೆಲಸ ಕೊಡಬೇಕು.

ಇಷ್ಟೆಲ್ಲ ಬಿಚ್ಚಿ ಮಾತಾಡಿದರೆ ಅಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲವಾ ಅನ್ನುತ್ತೀರಿ. ಮಾಡಿಕೊಳ್ಳುತ್ತಾರೆ. ಎರಡು ದಿನ ಮಾತು ಬಿಟ್ಟರೂ ಬಿಟ್ಟಾರು. ಹೊರಡಲು ನಾಲ್ಕು ತಿಂಗಳಿದೆಯಲ್ಲ, ಬಿಡಲಿ.