‘ರಕ್ತ ದಪ್ಪ ಇದೆ’ ಅಂದರೆ ಏನು? ಬೆಳ್ಳುಳ್ಳಿ, ನೀರಿನಿಂದ ತೆಳುವಾಗುತ್ತಾ?

ಅಪ್ಪನಿಗೆ 58 ವರ್ಷ, ಡಾಕ್ಟರ್ ‘ರಕ್ತ ದಪ್ಪ ಇದೆ’ ಅಂದಿದ್ದಾರೆ, ದಿನಾ ಬೆಳ್ಳುಳ್ಳಿ ತಿಂದು ನೀರು ಜಾಸ್ತಿ ಕುಡಿದರೆ ಸಾಕಾ, ಹಾರ್ಟ್ ಅಟ್ಯಾಕ್ ಆಗಿಬಿಡುತ್ತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಮೊದಲು ಬ್ಲಡ್ ರಿಪೋರ್ಟ್ ತೆಗೆದು ‘ಪಿಸಿವಿ’ ಅನ್ನುವ ಸಾಲು ಹುಡುಕಿ. ಕೆಲವು ಕಡೆ ಅದನ್ನೇ ಹೆಮಟೋಕ್ರಿಟ್ ಅಂತ ಬರೆದಿರುತ್ತಾರೆ.

ನಾನು ಲ್ಯಾಬ್ ಟೆಕ್ನೀಷಿಯನ್. ಈಗ ಎಲ್ಲ ಲೆಕ್ಕ ಮೆಷಿನ್ನೇ ಮಾಡುತ್ತದೆ. ನಾವು ಕಲಿಯುವಾಗ ಸಣ್ಣ ಗಾಜಿನ ಕೊಳವೆಗೆ ರಕ್ತ ಏರಿಸಿ, ಒಂದು ತುದಿ ಮುಚ್ಚಿ, ಸೆಂಟ್ರಿಫ್ಯೂಜ್‌ನಲ್ಲಿ 5 ನಿಮಿಷ ಗಿರ್ರಂತ ತಿರುಗಿಸುತ್ತಿದ್ದೆವು. ಹೊರಗೆ ತೆಗೆದರೆ ಕೆಳಗೆ ಕೆಂಪು ಕಣಗಳು, ಮಧ್ಯೆ ದಾರದಷ್ಟು ಬಿಳಿ ಗೆರೆ, ಮೇಲೆ ಎಳ್ಳೆಣ್ಣೆ ಬಣ್ಣದ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ. ಒಟ್ಟು ಉದ್ದದಲ್ಲಿ ಕೆಂಪು ಶೇಕಡ ಎಷ್ಟಿದೆಯೋ ಅದೇ ಪಿಸಿವಿ. ಗಂಡಸರಿಗೆ ಹೆಚ್ಚುಕಡಿಮೆ 40ರಿಂದ 50, ಹೆಂಗಸರಿಗೆ 36ರಿಂದ 46.

ರಕ್ತದ ದಪ್ಪ ಮುಖ್ಯವಾಗಿ ನಿಂತಿರುವುದು ಈ ಕೆಂಪು ಕಣಗಳ ಮೇಲೆ. ಬರೀ ಪ್ಲಾಸ್ಮಾ ನೀರಿಗಿಂತ ಸುಮಾರು ಒಂದೂವರೆ ಪಟ್ಟು ದಪ್ಪ ಅಷ್ಟೆ. ಕಣಗಳು ಸೇರಿದರೆ 3–4 ಪಟ್ಟು. ಪಿಸಿವಿ 60 ದಾಟಿತೋ, ದಪ್ಪ ಒಂದೇ ಸಮನೆ ಏರುತ್ತದೆ. ಇನ್ನೊಂದು ವಿಚಿತ್ರ ಇದೆ. ರಾಗಿ ಗಂಜಿ ತಿರುವುತ್ತಾ ಇದ್ದರೆ ಸಲೀಸು, ಬಿಟ್ಟರೆ ಗಟ್ಟಿ ಅಲ್ವಾ? ರಕ್ತವೂ ಹಾಗೇ. ವೇಗವಾಗಿ ಹರಿಯುವಾಗ ತೆಳು, ನಿಧಾನವಾದರೆ ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ ದಪ್ಪ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ, ಅಲುಗಾಡದೆ ಮಲಗಿದವರಿಗೆ ಜಾಸ್ತಿ ಆಗುವುದಕ್ಕೆ ಈ ನಿಧಾನದ ಹರಿವೂ ಒಂದು ಕಾರಣ.

ಹಾರ್ಟ್ ವಿಷಯಕ್ಕೆ ಬರುತ್ತೇನೆ. ಪ್ವಾಸೇಯ್ ಅಂತ ಫ್ರಾನ್ಸಿನ ಡಾಕ್ಟರ್ ಒಬ್ಬ 1840ರ ಸುಮಾರಿಗೆ ಸಣ್ಣ ಕೊಳವೆಗಳಲ್ಲಿ ದ್ರವ ಹರಿಸಿ ಲೆಕ್ಕ ಹಾಕಿದ. ಅವನ ಲೆಕ್ಕದ ಪ್ರಕಾರ ದ್ರವ ಎರಡರಷ್ಟು ದಪ್ಪವಾದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಕೊಳವೆಯ ಅಗಲ ಅರ್ಧವಾದರೆ? ಹದಿನಾರನೇ ಒಂದು ಪಾಲು! ಅದಕ್ಕೇ ನಾನು ಹೇಳುವುದು, ದಪ್ಪದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಅಪ್ಪನ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿ. ರಕ್ತನಾಳ ಕಿರಿದು ಮಾಡುವುದು ಅವು. ಬೀಡಿ, ಸಿಗರೇಟು ಇದ್ದರೆ ಎರಡೂ ಕಡೆಯಿಂದ ಹೊಡೆತ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಆಮ್ಲಜನಕ ಸಾಲದು ಅಂತ ದೇಹ ಇನ್ನಷ್ಟು ಕೆಂಪು ಕಣ ಮಾಡುತ್ತದೆ.

ನೀರಿನ ಮಾತು ಅರ್ಧ ಸರಿ. ವಾಂತಿ ಭೇದಿಯಾಗಿ ಒಣಗಿದ್ದರೆ ಪಿಸಿವಿ ಸುಮ್ನೆ ಜಾಸ್ತಿ ತೋರಿಸುತ್ತದೆ, ನೀರು ಒಳಗೆ ಹೋದರೆ ಇಳಿಯುತ್ತದೆ. ಡೆಂಗ್ಯೂನಲ್ಲಿ ಪ್ಲಾಸ್ಮಾ ರಕ್ತನಾಳದಿಂದ ಸೋರಿ ಪಿಸಿವಿ ಏರುತ್ತದೆ. ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾ ಇರುತ್ತಾರೆ, ಡಾಕ್ಟರ್ ಕಣ್ಣು ಪಿಸಿವಿ ಮೇಲೂ ಇರುತ್ತದೆ. ಆದರೆ ಕಣಗಳೇ ನಿಜವಾಗಿ ಜಾಸ್ತಿ ಇದ್ದರೆ ಬಿಂದಿಗೆ ನೀರು ಕುಡಿದರೂ ಇಳಿಯುವುದಿಲ್ಲ. ಬೆಳ್ಳುಳ್ಳಿಯೂ ಕೆಂಪು ಕಣ ಕಡಿಮೆ ಮಾಡುವುದಿಲ್ಲ. ಸಾರಿಗೆ ಒಗ್ಗರಣೆ ಹಾಕಿ ತಿನ್ನಲಿ ಬಿಡಿ.

‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುವ ಹೆಸರೇ ಒಂದು ಮೋಸ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ತಡೆಯುತ್ತದೆ. ವಾರ್ಫರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಎರಡೂ ರಕ್ತವನ್ನು ನೀರಾಗಿಸುವುದಿಲ್ಲ. ಪಕ್ಕದ ಮನೆಯವರು ತಗೋತಾರೆ ಅಂತ ನೀವೇ ಶುರು ಮಾಡಬೇಡಿ.

ಇಷ್ಟು ಹೇಳುವುದಕ್ಕೆ ನನ್ನ ಸೋದರಮಾವನೇ ಕಾರಣ. ಬಿಸಿನೀರು ಸ್ನಾನ ಮಾಡಿ ಬಂದರೆ ಮೈಯೆಲ್ಲ ತುರಿಕೆ ಅನ್ನುತ್ತಿದ್ದರು. ಸೋಪು ಬದಲಾಯಿಸಿದ್ದಾಯಿತು, ಕಡಲೆಹಿಟ್ಟು ಹಚ್ಚಿದ್ದಾಯಿತು. ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ತಲೆನೋವು ಅಂತ ಬಂದಾಗ ನಾನೇ ರಕ್ತ ತೆಗೆದೆ. ಸ್ಲೈಡ್ ಮೇಲೆ ಎಳೆದರೆ ಎಂದಿನ ಹಾಗೆ ಹರಡಲೇ ಇಲ್ಲ, ದಪ್ಪಗೆ ನಿಂತಿತು. ಹಿಮೋಗ್ಲೋಬಿನ್ 19, ಪಿಸಿವಿ 58. ಮುಂದೆ ಜಾಕ್2 ಅನ್ನುವ ಜೀನ್ ಪರೀಕ್ಷೆ ಪಾಸಿಟಿವ್ ಬಂತು. ಪಾಲಿಸೈತೀಮಿಯಾ ವೇರಾ, ಅಂದರೆ ಮೂಳೆಯ ಮಜ್ಜೆ ತಾನಾಗಿಯೇ ಜಾಸ್ತಿ ಕಣ ತಯಾರಿಸುವ ಕಾಯಿಲೆ. ಇದರಲ್ಲಿ ಪಾರ್ಶ್ವವಾಯು, ಹೃದಯಾಘಾತದ ಅಪಾಯ ನಿಜಕ್ಕೂ ಇದೆ. ಮದ್ದು ಅಂದರೆ ಕಡಿಮೆ ಡೋಸಿನ ಆಸ್ಪಿರಿನ್, ಜೊತೆಗೆ ಪಿಸಿವಿ 45ಕ್ಕಿಂತ ಕೆಳಗೆ ಇಳಿಯುವವರೆಗೆ ಆಗಾಗ ರಕ್ತ ತೆಗೆಯುವುದು.

ನಿಮ್ಮ ಅಪ್ಪನಿಗೂ ಇದೇ ಅಂತ ನಾನು ಹೇಳುತ್ತಿಲ್ಲ. ಪಿಸಿವಿ 50ರ ಒಳಗಿದ್ದರೆ ‘ದಪ್ಪ’ ಅಂದದ್ದು ಯಾವ ಅರ್ಥದಲ್ಲಿ ಅಂತ ಡಾಕ್ಟರನ್ನೇ ಕೇಳಿ. ಕೆಲವರು ಕೊಲೆಸ್ಟ್ರಾಲ್ ಜಾಸ್ತಿ ಇದ್ದರೂ ಹಾಗೇ ಹೇಳಿಬಿಡುತ್ತಾರೆ. 50 ದಾಟಿದ್ದರೆ ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮತ್ತೂ ಅಷ್ಟೇ ಬಂದರೆ ರಕ್ತದ ಕಾಯಿಲೆಯ ತಜ್ಞರ ಹತ್ತಿರ ಹೋಗಿ. ಸ್ನಾನದ ನಂತರ ತುರಿಕೆ ಇದೆಯಾ ಅಂತಲೂ ಕೇಳಿ ನೋಡಿ. ಕೈಕಾಲು ಬಲ ಇಲ್ಲ, ಮಾತು ತೊದಲುತ್ತಿದೆ, ಎದೆ ನೋವು ಅಂದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾವ ಈಗ ಆರಾಮಾಗಿದ್ದಾರೆ. ಚೀಲ ತುಂಬುವಾಗಲೆಲ್ಲ ಒಂದೇ ಪ್ರಶ್ನೆ: ‘ಇಷ್ಟು ಒಳ್ಳೆ ಕೆಂಪು ರಕ್ತ, ಯಾರಿಗಾದರೂ ಕೊಡೋ.’ ಕಾಯಿಲೆಯ ರಕ್ತ, ಕೊಡೋ ಹಾಗಿಲ್ಲ ಮಾವ, ಎಸೆಯಬೇಕು ಅಂದರೆ ಮುಖ ಆ ಕಡೆ ತಿರುಗಿಸುತ್ತಾರೆ.