ಓದುಗರ ಪ್ರಶ್ನೆ: ಮನೆ ಕಾಫಿ ಯಾಕೆ ನೀರ್ ನೀರಾಗುತ್ತೆ?

ಪ್ರಶ್ನೆ: ಎಷ್ಟು ಪುಡಿ ಸುರಿದ್ರೂ ನಮ್ಮನೆ ಕಾಫಿ ನೀರ್ ನೀರೇ, ದರ್ಶಿನಿ ಕಾಫಿಯ ಆ ಖಡಕ್ಕು ಬರೋದೇ ಇಲ್ಲ. ಮನೆಯವ್ರು ಎಸ್ಪ್ರೆಸ್ಸೋ ಮೆಷಿನ್ ತಗೊಳ್ಳೋಣ ಅಂತಿದಾರೆ, ರೇಟ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಏನ್ ಮಾಡ್ಲಿ?
(ತುಮಕೂರಿನ ಓದುಗರು)

ಉತ್ತರ: ಮೆಷಿನ್ ಬೇಡವೇ ಬೇಡ, ಆ ದುಡ್ಡು ಉಳಿಸ್ಕೊಳ್ಳಿ. ಮನೇಲಿರೋ ಸ್ಟೀಲ್ ಫಿಲ್ಟರ್ರೇ ಸಾಕು. ಎಡವಟ್ಟು ಆಗ್ತಿರೋದು ನೀರಿನ ಅಳತೇಲಿ. ಬಹಳ ಮನೆಗಳಲ್ಲಿ ಎರಡೋ ಮೂರೋ ಚಮಚ ಪುಡಿ ಹಾಕಿ ಮೇಲಿನ ಡಬ್ಬಿ ಬಾಯಿ ತನಕ ನೀರು ತುಂಬಿಸಿಬಿಡ್ತಾರೆ, ಡಿಕಾಕ್ಷನ್ ತೆಳ್ಳಗೆ ಇಳಿಯುತ್ತೆ, ಆಮೇಲೆ ಬಣ್ಣ ಬರ್ಲಿ ಅಂತ ಅದನ್ನೇ ಅರ್ಧ ಲೋಟ ಸುರೀತಾರೆ, ಹಾಲೂ ತಣ್ಣಗಾಯ್ತು ಕಾಫಿನೂ ನೀರಾಯ್ತು. ಒಳ್ಳೇ ಹೋಟ್ಲಲ್ಲಿ ನೋಡಿ, ಲೋಟದ ತಳದಲ್ಲಿ ಗಟ್ಟಿ ಡಿಕಾಕ್ಷನ್ ಒಂಚೂರೇ, ಮೇಲೆ ಕುದಿಯೋ ಹಾಲು.

ಲೆಕ್ಕ ಇಷ್ಟೇ. ಪುಡಿ ತನ್ನ ತೂಕದ ಹತ್ತತ್ರ ಎರಡರಷ್ಟು ನೀರನ್ನ ತಾನೇ ಹೀರ್ಕೊಂಡು ಇಟ್ಕೊಳ್ಳುತ್ತೆ, ಅದು ಕೆಳಗೆ ಇಳಿಯಲ್ಲ. 25 ಗ್ರಾಂ ಪುಡಿಗೆ, ಅಂದ್ರೆ ಊಟದ ಚಮಚದಲ್ಲಿ ಸುಮಾರು ನಾಲ್ಕು ಚಮಚಕ್ಕೆ, 150 ಎಂಎಲ್ ನೀರು ಹಾಕಿದ್ರೆ ಸಿಗೋದು 100 ಎಂಎಲ್ ಡಿಕಾಕ್ಷನ್. ಇದ್ರಲ್ಲಿ ನಾಲ್ಕು ಜನಕ್ಕೆ ಸ್ಟ್ರಾಂಗ್ ಕಾಫಿ ಆಗುತ್ತೆ. ಐದನೇ ಲೋಟ ಬೇಕು ಅನ್ಸಿದ್ರೆ ಪುಡಿ, ನೀರು ಎರಡನ್ನೂ ಇದೇ ಲೆಕ್ಕದಲ್ಲಿ ಜಾಸ್ತಿ ಮಾಡಿ, ಬರೀ ನೀರನ್ನ ಜಾಸ್ತಿ ಮಾಡ್ಬೇಡಿ.

ಪುಡಿ ಹಾಕಿ ಡಬ್ಬಿನ ಮೆಲ್ಲಗೆ ಕುಟ್ಟಿ ಸಮ ಮಾಡಿ, ಒಳಗಿನ ಛತ್ರಿ, ಅಂದ್ರೆ ಹಿಡಿ ಇರೋ ತೂತಿನ ಬಿಲ್ಲೆ, ಇಟ್ಟು ಹಗುರವಾಗಿ ಒತ್ತಿ. ನೀರು ಕುದಿ ಬಂದ್ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ, ಆಮೇಲೆ ಪುಡಿ ನೆನೆಯೋಷ್ಟು ಮಾತ್ರ ಹಾಕಿ ಇನ್ನೊಂದು ಅರ್ಧ ನಿಮಿಷ ಕಾಯಿರಿ, ಪುಡಿ ಉಬ್ಬುತ್ತೆ, ಉಳಿದ ನೀರನ್ನ ಸುತ್ತಲೂ ನಿಧಾನಕ್ಕೆ ಹಾಕಿ ಮುಚ್ಚಿಡಿ. ಇಳಿಯೋಕೆ ಹದಿನೈದಿಪ್ಪತ್ತು ನಿಮಿಷ ಬೇಕೇ ಬೇಕು. ಮೂರೇ ನಿಮಿಷಕ್ಕೆ ಜರ್ರನೆ ಇಳಿದ್ರೆ ಪುಡಿ ತರಿ ಜಾಸ್ತಿ ಅಂತರ್ಥ, ಒಂದು ಗಂಟೆ ಆದ್ರೂ ಇಳೀದಿದ್ರೆ ತೀರಾ ನುಣ್ಣಗಿದೆ ಇಲ್ಲಾ ಜೋರಾಗಿ ಒತ್ತಿದೀರ ಅಂತ. ಕೆಲವು ಸಲ ಇದ್ಯಾವುದೂ ಅಲ್ಲ, ಕೆಳಗಿನ ಡಬ್ಬೀಲಿ ಗಾಳಿ ಸಿಕ್ಕಾಕೊಂಡಿರುತ್ತೆ, ಮೇಲಿನದನ್ನ ಒಂದ್ಸಲ ಎತ್ತಿ ಇಟ್ರೆ ಮತ್ತೆ ತೊಟ್ಟಿಕ್ಕೋಕೆ ಶುರು ಆಗುತ್ತೆ. ಇಳಿದ ಡಿಕಾಕ್ಷನ್‌ನ ಯಾವ ಕಾರಣಕ್ಕೂ ಕುದಿಸ್ಬೇಡಿ, ಘಮ ಎಲ್ಲಾ ಹಾರಿ ಬರೀ ಕಹಿ ಉಳಿಯುತ್ತೆ. ತಣ್ಣಗಿದ್ರೆ ಆ ಡಬ್ಬಿನ ಬಿಸಿನೀರಲ್ಲಿ ಐದು ನಿಮಿಷ ಇಡಿ, ಹಾಲನ್ನ ಚೆನ್ನಾಗಿ ಕಾಯಿಸಿ. ಹಾಲಿಗೆ ನೀರು ಬೆರೆಸೋ ಅಭ್ಯಾಸ ಇದ್ರೆ ಇವತ್ತೇ ಬಿಟ್ಬಿಡಿ.

ಪ್ರಶ್ನೆ: ಅಂಗಡೀಲಿ ಕೆಲವು ಪ್ಯಾಕೆಟ್ ಬಹಳ ಅಗ್ಗ, ಡಿಕಾಕ್ಷನ್ ಕೂಡ ಕಪ್ಪಗೆ ಗಟ್ಟಿಯಾಗಿ ಬರುತ್ತೆ. ಅದನ್ನೇ ತರಬಹುದಾ? ಚಿಕೋರಿ ಅಂದ್ರೆ ಕಲಬೆರಕೆನಾ?
(ದಾವಣಗೆರೆ)

ಉತ್ತರ: ಪ್ಯಾಕೆಟ್ ಮೇಲೆ ಬರೆದು ಮಾರಿದ್ರೆ ಕಲಬೆರಕೆ ಅಲ್ಲ. ಚಿಕೋರಿ ಒಂದು ಗಿಡದ ಬೇರು, ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೀತಾರೆ, ಹುರಿದು ಪುಡಿ ಮಾಡಿ ಸೇರಿಸ್ತಾರೆ. ಅದ್ರಲ್ಲಿ ಕೆಫೀನ್ ಇಲ್ವೇ ಇಲ್ಲ. ಆದ್ರೆ ಬಣ್ಣ ಬಹಳ ಬಿಡುತ್ತೆ, ಡಿಕಾಕ್ಷನ್ ಮಂದ ಆಗುತ್ತೆ, ಅದಕ್ಕೇ ಕಪ್ಪು ನೋಡಿ ಸ್ಟ್ರಾಂಗ್ ಅನ್ಕೊಂಡು ಜನ ಮೋಸ ಹೋಗೋದು. ಮಿಶ್ರಣದಲ್ಲಿ ಕನಿಷ್ಠ 51% ಕಾಫಿ ಇರ್ಬೇಕು ಅನ್ನೋದು ನಿಯಮ, ಅಂದ್ರೆ ಅರ್ಧದ ಹತ್ರ ಬೇರಿನ ಪುಡಿ ಇದ್ರೂ ಕಾನೂನು ಪ್ರಕಾರ ಸರೀನೇ! ಹಾಗಾಗಿ ಪ್ಯಾಕೆಟ್ ಹಿಂದಿರೋ ಸಣ್ಣ ಅಕ್ಷರ ಓದಿ. ಅಂಥಾ ಪುಡಿ ಅಗ್ಗ ಅನ್ಸಿದ್ರೂ ಕಾಫಿ ರುಚಿ ಸಾಲದೆ ಎರಡು ಚಮಚ ಜಾಸ್ತಿ ಹಾಕ್ತೀರ, ಉಳಿತಾಯ ಎಲ್ಲಿ ಬಂತು? ನನ್ನ ಪ್ರಕಾರ 85 ಭಾಗ ಕಾಫಿ 15 ಭಾಗ ಚಿಕೋರಿ ಒಳ್ಳೇ ಹದ, ಕೈ ಬಿಗಿ ಇದ್ರೆ 80ಕ್ಕೆ 20, ಅದಕ್ಕಿಂತ ಕೆಳಗೆ ಇಳೀಬೇಡಿ.

ಪ್ರಶ್ನೆ: ಪುಡಿ ರೇಟು ಸಿಕ್ಕಾಪಟ್ಟೆ ಏರಿದೆ. ಅಂಗಡಿಯವ್ರು ಪೀಬೆರಿ, ಪ್ಲಾಂಟೇಶನ್ ಎ, ರೊಬಸ್ಟಾ ಅಂತ ಏನೇನೋ ಕೇಳ್ತಾರೆ, ಯಾವುದು ಹೇಳ್ಲಿ?
(ಮೈಸೂರು)

ಉತ್ತರ: ಧೈರ್ಯವಾಗಿ ರೊಬಸ್ಟಾ ಹೇಳಿ, ಸ್ವಲ್ಪ ಅರೇಬಿಕಾ ಜೊತೆಗೆ, ಇವೆರಡೂ ಕಾಫಿ ಗಿಡದ ಬೇರೆ ಬೇರೆ ಜಾತಿ. ಪ್ಲಾಂಟೇಶನ್ ಎ ಅಂದ್ರೆ ಅರೇಬಿಕಾದಲ್ಲೇ ದಪ್ಪ ಬೀಜದ ಒಂದು ದರ್ಜೆ. ದೇಶದ ಕಾಫೀಲಿ ಸುಮಾರು 70% ನಮ್ಮ ಕರ್ನಾಟಕದ್ದೇ, ಕೊಡಗು, ಚಿಕ್ಕಮಗಳೂರು, ಹಾಸನದ್ದು, ಕೊಡಗಲ್ಲಂತೂ ರೊಬಸ್ಟಾನೇ ಜಾಸ್ತಿ. ಅರೇಬಿಕಾಗೆ ಘಮ ಚೆನ್ನ, ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು, ಹಾಲು ಬಿದ್ರೂ ರುಚಿ ಮುಳುಗಲ್ಲ, ಬೆಲೆನೂ ಸಾಮಾನ್ಯವಾಗಿ ಕಮ್ಮಿ. ಹಾಲಿನ ಕಾಫಿ ಕುಡಿಯೋರಿಗೆ ಅರ್ಧಕ್ಕರ್ಧ ಸೇರಿಸಿದ್ದು ಸಖತ್ತಾಗಿರುತ್ತೆ. ಪೀಬೆರಿ ಅಂದ್ರೆ ಹಣ್ಣಲ್ಲಿ ಎರಡು ಬೀಜದ ಬದ್ಲು ಒಂದೇ ಉಂಡೆ ಬೀಜ ಬಂದಿರೋದು, ಬೇರೆ ತಳಿ ಏನಲ್ಲ, ಬರೀ ಆ ಹೆಸರಿಗೆ ಜಾಸ್ತಿ ದುಡ್ಡು ಕೊಡೋದು ನನಗಂತೂ ಬೇಡ ಅನ್ಸುತ್ತೆ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಬೀಜ ಹುರಿದು ಎಷ್ಟು ದಿನ ಆಯ್ತು, ಪುಡಿ ಮಾಡಿ ಎಷ್ಟು ದಿನ ಆಯ್ತು ಅನ್ನೋದು. ನಿಮ್ಮ ಮೈಸೂರಲ್ಲಿ ಕಣ್ಣೆದುರೇ ಪುಡಿ ಮಾಡ್ಕೊಡೋ ಅಂಗಡಿಗಳಿವೆ, ಆ ಪುಣ್ಯ ಎಲ್ಲಾ ಊರಿಗಿಲ್ಲ, ಒಂದು ಕೇಜಿ ತಂದು ತಿಂಗಳುಗಟ್ಟಲೆ ಇಡೋ ಬದ್ಲು ಹತ್ತು ದಿನಕ್ಕೆ ಬೇಕಾದಷ್ಟು, 200 ಗ್ರಾಮೋ 250 ಗ್ರಾಮೋ ತನ್ನಿ. ಬಿಗಿ ಮುಚ್ಚಳದ ಡಬ್ಬೀಲಿ ಹಾಕಿ, ಒಲೆ ಪಕ್ಕ ಇಡ್ಬೇಡಿ, ಒದ್ದೆ ಚಮಚ ಅದ್ದಬೇಡಿ. ತಾಜಾ ಪುಡಿ ಇದ್ರೆ ಅರ್ಧ ಚಮಚ ಕಮ್ಮಿ ಹಾಕಿದ್ರೂ ನಡೆಯುತ್ತೆ.

ಪ್ರಶ್ನೆ: ಪೀಜಿಲಿದೀನಿ, ಒಂದು ಎಲೆಕ್ಟ್ರಿಕ್ ಕೆಟಲ್ ಬಿಟ್ರೆ ಏನೂ ಇಲ್ಲ. ಇನ್‌ಸ್ಟಂಟ್ ಕುಡಿದು ಕುಡಿದು ಬೇಜಾರಾಗಿದೆ.
(ಬೆಂಗಳೂರು)

ಉತ್ತರ: ಒಂದು ತುಂಡು ಬಿಳಿ ಹತ್ತಿ ಬಟ್ಟೆ ತಗೊಳ್ಳಿ, ಮಲೆನಾಡಿನ ಮನೆಗಳಲ್ಲಿ ಕಾಫಿ ಸೋಸ್ತಿದ್ದದ್ದು ಬಟ್ಟೇಲೇ. ಸ್ಟೀಲ್ ಲೋಟಕ್ಕೆ ಎರಡು ದೊಡ್ಡ ಚಮಚ ಪುಡಿ, ಅದರ ಮೇಲೆ ಅರ್ಧ ಲೋಟ ಕುದಿಯೋ ನೀರು, ಒಂದ್ಸಲ ಕಲಕಿ ತಟ್ಟೆ ಮುಚ್ಚಿ ಐದು ನಿಮಿಷ. ಚರಟ ತಳಕ್ಕೆ ಕೂತ್ಮೇಲೆ ಬಟ್ಟೇಲಿ ಸೋಸಿ, ಕೊನೇಲಿ ಜೋರಾಗಿ ಹಿಂಡಬೇಡಿ, ಒಗರು ಬರುತ್ತೆ. ಹಾಲು ಸಿಗದಿದ್ರೆ ಬೆಲ್ಲ ಹಾಕಿ ಹಾಗೇ ಕುಡೀರಿ, ಅದೂ ಮಲೆನಾಡಿನದ್ದೇ ರುಚಿ. ಬಟ್ಟೆಗೆ ಸೋಪು ಸೋಕಿಸ್ಬೇಡಿ, ಬಿಸಿನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದ್ರೆ ಸಾಕು. ಪುಡಿ, ಹಾಲು ಎರಡನ್ನೂ ಕೆಟಲ್ ಒಳಗೆ ಹಾಕ್ಬೇಡಿ, ತಳ ಹಿಡಿದು ಕೆಟಲ್ ಹಾಳಾಗುತ್ತೆ.

ಪ್ರಶ್ನೆ: ಬೆಲ್ಲ ಹಾಕಿದ್ರೆ ಹಾಲು ಒಡೆಯುತ್ತೆ, ಯಾಕೆ?
(ಶಿರಸಿ)

ಉತ್ತರ: ಕೆಲವು ಬೆಲ್ಲದಲ್ಲಿ ಹುಳಿ ಅಂಶ ಇರುತ್ತೆ, ಕುದಿಯೋ ಹಾಲಿಗೆ ಬಿದ್ರೆ ಒಡೆಯುತ್ತೆ. ಒಲೆ ಮೇಲಿರುವಾಗ ಹಾಕ್ಬೇಡಿ, ಇಳಿಸಿ ಸ್ವಲ್ಪ ಆರಿದ್ಮೇಲೆ ಲೋಟದಲ್ಲೇ ಕಲಸ್ಕೊಳ್ಳಿ. ಆಗ್ಲೂ ಒಡೆದ್ರೆ ಬೆಲ್ಲ ಬದಲಾಯಿಸಿ.

ಪ್ರಶ್ನೆ: ಒಂದೇ ಪುಡಿಗೆ ಎರಡನೇ ಸಲ ನೀರು ಹಾಕಬಹುದಾ? ಫಿಲ್ಟರ್ ತೂತು ಬೇರೆ ಕಟ್ಕೊಂಡಿದೆ.
(ಹುಬ್ಬಳ್ಳಿ)

ಉತ್ತರ: ಹಾಕಬಹುದು, ಆದ್ರೆ ಅರ್ಧದಷ್ಟೇ ನೀರು, ಅದೂ ಮೊದಲನೇದು ಇಳಿದ ಕೂಡ್ಲೇ, ಅದನ್ನ ಬೇರೆ ಪಾತ್ರೇಲಿ ಇಳಿಸ್ಕೊಳ್ಳಿ. ಮೊದಲ ಡಿಕಾಕ್ಷನ್‌ಗೆ ಬೆರೆಸಿದ್ರೆ ಅದನ್ನೂ ಕೆಡಿಸುತ್ತೆ. ಮೂರನೇ ಸಲಕ್ಕೆ ಅದ್ರಲ್ಲಿ ಏನೂ ಉಳಿದಿರಲ್ಲ. ತೂತಿಗೆ, ಸ್ಟೀಲ್ ಫಿಲ್ಟರ್ ಆದ್ರೆ ಮೇಲಿನ ಡಬ್ಬಿನ ಇಕ್ಕಳದಲ್ಲಿ ಹಿಡಿದು ತಳಾನ ಗ್ಯಾಸ್ ಉರಿ ಮೇಲೆ ಸ್ವಲ್ಪ ಹೊತ್ತು ಹಿಡೀರಿ, ಒಳಗೆ ಸಿಕ್ಕಿರೋ ಪುಡಿ ಸುಟ್ಟು ಉದುರುತ್ತೆ, ಆರಿದ್ಮೇಲೆ ಬ್ರಷ್ ಹಾಕಿ ತೊಳೆದು ಬೆಳಕಿಗೆ ಹಿಡಿದು ನೋಡಿ, ಎಲ್ಲಾ ತೂತೂ ಕಾಣ್ಬೇಕು.