ಜಾಮೀನು ಮಂಜೂರಾಗಿದೆ, ಆದರೆ 50,000 ರೂಪಾಯಿ ಎಲ್ಲಿಂದ ತರುವುದು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ ಅಕ್ಕ. ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಿದ್ದ ನಿಮ್ಮ ತಮ್ಮ ಜಗಳದ ಕೇಸಿನಲ್ಲಿ ಅರೆಸ್ಟ್ ಆಗಿ ಪರಪ್ಪನ ಅಗ್ರಹಾರದಲ್ಲಿದ್ದಾನೆ. ಜಾಮೀನು ಮಂಜೂರಾಗಿದೆ. ಆದರೆ ಕೋರ್ಟು 50,000 ರೂಪಾಯಿಯ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ (ಶ್ಯೂರಿಟಿ) ಬೇಕು ಅಂದಿದೆ. ನಿಮ್ಮ ಮನೆ, ಹೊಲ ಎಲ್ಲ ರಾಣೆಬೆನ್ನೂರಿನ ಕಡೆ. ಕೋರ್ಟಿನ ಹೊರಗೆ ಒಬ್ಬ ‘ಹನ್ನೆರಡು ಸಾವಿರ ಕೊಡಿ, ಶ್ಯೂರಿಟಿ ನಾನು ಹಾಕಿಸ್ತೀನಿ’ ಅಂದನಂತೆ. ಅವ್ವನ ಬಂಗಾರ ಅಡ ಇಡಬೇಕಾ ಅಂತ ಕೇಳಿದ್ದೀರಿ.

ಇಡಬೇಡಿ. ಆ ಮನುಷ್ಯನಿಗೂ ದುಡ್ಡು ಕೊಡಬೇಡಿ. ನಾನು ವಕೀಲನಲ್ಲ, ವಕೀಲರೊಬ್ಬರ ಹತ್ತಿರ ಗುಮಾಸ್ತ. ಜಾಮೀನುದಾರರ ಕಾಗದ ಹೊಂದಿಸಿ ಕೋರ್ಟಿಗೆ ಕೊಡುವುದೇ ನನ್ನ ದಿನದ ಕೆಲಸ. ಹಾಗಾಗಿ ಈ ಭಾಗವನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲನೆಯದಾಗಿ, ಆ 50,000 ರೂಪಾಯಿಯನ್ನು ಇವತ್ತು ಯಾರೂ ಯಾರಿಗೂ ಕಟ್ಟಬೇಕಿಲ್ಲ. ತಮ್ಮ ಒಂದು ಬಾಂಡಿಗೆ ಸಹಿ ಹಾಕುತ್ತಾನೆ, ಕರೆದ ದಿನ ಕೋರ್ಟಿಗೆ ಬರುತ್ತೇನೆ ಅಂತ. ಜಾಮೀನುದಾರ ಇನ್ನೊಂದಕ್ಕೆ ಸಹಿ ಹಾಕುತ್ತಾನೆ, ಇವನು ತಪ್ಪಿಸಿಕೊಂಡರೆ ಆ ಮೊತ್ತಕ್ಕೆ ನಾನು ಹೊಣೆ ಅಂತ. ತಮ್ಮ ಸರಿಯಾಗಿ ವಾಯಿದೆಗಳಿಗೆ ಬರುತ್ತಿದ್ದರೆ ಕೇಸು ಮುಗಿಯುವವರೆಗೂ ಆ ದುಡ್ಡಿನ ಮಾತೇ ಬರುವುದಿಲ್ಲ. ಅಫಿಡವಿಟ್ಟು, ಸ್ಟ್ಯಾಂಪು, ಜೆರಾಕ್ಸು, ಬಸ್ ಚಾರ್ಜು ಇಷ್ಟೇ ಖರ್ಚು. ನೆಟ್ಟಿನಲ್ಲಿ ಹುಡುಕಿದರೆ ಶೇ. 10 ಫೀಸು ತೆಗೆದುಕೊಂಡು ಬಾಂಡು ಕೊಡುವ ಕಂಪನಿಗಳು ಸಿಗುತ್ತವೆ. ಅದು ಅಮೆರಿಕದ ಪದ್ಧತಿ. ನಮ್ಮ ದೇಶದಲ್ಲಿ ಅಂಥ ವ್ಯಾಪಾರ ಇಲ್ಲ.

ಹಾಗಾದರೆ ಆ ಹನ್ನೆರಡು ಸಾವಿರದವನು ಯಾರು? ಇಂಥವರು ತರುವ ಜಾಮೀನುದಾರರಿಗೆ ನಿಮ್ಮ ತಮ್ಮ ಯಾರು ಅಂತಲೇ ಗೊತ್ತಿರುವುದಿಲ್ಲ. ಎಷ್ಟೋ ಸಲ ಪಹಣಿ ನಕಲಿ, ಆಧಾರ್ ಕೂಡ ನಕಲಿ. ಬೆಂಗಳೂರಿನಲ್ಲಿ ಇಂಥ ಗುಂಪುಗಳನ್ನು ಪೊಲೀಸರು ಹಿಡಿದಿದ್ದೂ ಇದೆ. ಸಿಕ್ಕಿಬಿದ್ದರೆ ಜಾಮೀನು ರದ್ದಾಗಿ ತಮ್ಮ ಮತ್ತೆ ಒಳಗೆ ಹೋಗಬಹುದು. ನಕಲಿ ದಾಖಲೆ ಕೊಟ್ಟ ಹೊಸ ಕೇಸೊಂದು ನಿಮ್ಮ ತಲೆ ಮೇಲೂ ಬರಬಹುದು. ಈಗ ಇರುವ ಕಷ್ಟ ಸಾಲದೇ?

ನಿಮ್ಮವರೇ ಒಬ್ಬರು ನಿಲ್ಲಲಿ. ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ ಸರಿ. ಅವರ ಹೆಸರಿನಲ್ಲೇ ಆಸ್ತಿ ಇರಬೇಕು, ಅದರ ಬೆಲೆ ಬಾಂಡಿನ ಮೊತ್ತಕ್ಕಿಂತ ಜಾಸ್ತಿ ಇರಬೇಕು. ಹಳ್ಳಿ ಕಡೆಯವರು ಎಡವುವುದು ಇಲ್ಲೇ. ಉಳುವವರು ಇವರು, ಆದರೆ ಪಹಣಿಯಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲದ ಹೊಲ ತೋರಿಸಿದರೆ ಕೋರ್ಟು ಒಪ್ಪುವುದಿಲ್ಲ. ಆದ್ದರಿಂದ ಇವತ್ತೇ ಹೊಸ ಪಹಣಿ ತೆಗೆಸಿ ಹೆಸರು ನೋಡಿ. ಹೊಲ ಆಗದಿದ್ದರೆ ಊರಿನ ಮನೆಗೆ ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತು ಕಾಗದ, ತೆರಿಗೆ ಕಟ್ಟಿದ ರಸೀದಿ ನಡೆಯುತ್ತದೆ. ಸಂಬಳದ ಕೆಲಸದಲ್ಲಿರುವ ನೆಂಟರಿದ್ದರೆ ಸಂಬಳದ ಚೀಟಿ, ಆಫೀಸಿನ ಗುರುತಿನ ಚೀಟಿಯನ್ನೂ ಕೆಲವು ಕೋರ್ಟುಗಳು ಒಪ್ಪುತ್ತವೆ. ಮೂಲ ಆಧಾರ್, ಫೋಟೋಗಳು ಜೊತೆಗಿರಲಿ.

ಜಾಮೀನುದಾರರು ಖುದ್ದಾಗಿ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಆರೋಪಿ ನಿಮಗೆ ಏನಾಗಬೇಕು, ಏನು ಕೇಸು, ಬೇರೆ ಯಾರಿಗಾದರೂ ಜಾಮೀನು ಹಾಕಿದ್ದೀರಾ ಅಂತ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು. ಹಿರಿಯರಿಗೆ ‘ನನ್ನ ಹೊಲ ಹೋಗುತ್ತೆ’ ಅನ್ನುವ ಭಯ ಇರುತ್ತದೆ, ಅವರಿಗೆ ಸಮಾಧಾನವಾಗಿ ಹೇಳಿ. ಒಡೆತನ ಎಲ್ಲಿಗೂ ಹೋಗುವುದಿಲ್ಲ. ತಮ್ಮ ಕೋರ್ಟಿಗೆ ಬರದೆ ತಲೆಮರೆಸಿಕೊಂಡರೆ ಮಾತ್ರ ಕೋರ್ಟು ಇವರಿಗೆ ನೋಟಿಸು ಕೊಟ್ಟು ಬಾಂಡಿನ ಹಣ ಕೇಳುತ್ತದೆ. ಮುಂದೆ ಬೇಡ ಅನ್ನಿಸಿದರೆ ಅರ್ಜಿ ಹಾಕಿ ಜಾಮೀನಿನಿಂದ ಹಿಂದೆ ಸರಿಯಲೂ ಅವಕಾಶ ಇದೆ.

‘ಹಾವೇರಿ ಜಿಲ್ಲೆಯ ಆಸ್ತಿ ಬೆಂಗಳೂರಿನಲ್ಲಿ ನಡೆಯಲ್ಲ’ ಅಂತ ಯಾರೋ ಹೇಳಿದರು ಅಂದಿರಲ್ಲ, ಅದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಅನ್ನುವ ಗಾರೆ ಕೆಲಸದವರಿಗೆ ಇದೇ ಆಗಿತ್ತು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದಿತು. ಸ್ಥಳೀಯ ಜಾಮೀನುದಾರರೇ ಬೇಕು ಅನ್ನುವ ಷರತ್ತಿನಿಂದ ಬಿಡುಗಡೆ ತಡವಾಗುತ್ತಿದ್ದರೆ ಅದನ್ನು ಹಾಕಬಾರದು ಅಂತ 2023ರ ಜನವರಿ 31ರ ಆದೇಶದಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶದಲ್ಲಿ ‘ಸ್ಥಳೀಯ’ ಅಂತ ಬರೆದಿದ್ದರೆ ಅದನ್ನು ಸಡಿಲಿಸಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಿಸಿ.

ಈಗ ವಕೀಲರ ವಿಷಯ. ಜಾಮೀನು ಕೊಡಿಸಿದ ವಕೀಲರು ಶ್ಯೂರಿಟಿ ಕೆಲಸಕ್ಕೆ ಮತ್ತೆ ಫೀಸು ಕೇಳುತ್ತಿದ್ದಾರೆ, ಕೊಡಲು ಇಲ್ಲ ಅಂದಿದ್ದೀರಿ. ನಿಮ್ಮ ತಮ್ಮ ಜೈಲಿನಲ್ಲಿದ್ದಾನೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು. ಆದಾಯ ಎಷ್ಟು ಅಂತ ಕೇಳುವಂತಿಲ್ಲ. ಇದು ಯಾರೋ ತೋರಿಸುವ ಕನಿಕರ ಅಲ್ಲ ಅಕ್ಕ, ಅವನ ಹಕ್ಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅದು ಉಚಿತ. ರಾಣೆಬೆನ್ನೂರು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಅಲ್ಲಿ ಅರ್ಜಿ ಕೊಟ್ಟರೂ ಬೆಂಗಳೂರಿಗೆ ಕಳಿಸುತ್ತಾರೆ. ಬೆಂಗಳೂರಿಗೆ ಬಂದಾಗ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ತಮ್ಮನನ್ನು ನೋಡಲು ಹೋದಾಗ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನಲ್ಲಿ ಅವನೂ ಅರ್ಜಿ ಬರೆಸಲಿ. ಮೊದಲಿನ ವಕೀಲರಿಂದ ಎನ್‌ಒಸಿ, ಅಂದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಲು ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಕೇಳಿ. ಕೊಡದಿದ್ದರೆ ಅದನ್ನೂ ಕಚೇರಿಯಲ್ಲಿ ಹೇಳಿ.

ನಿಜವಾಗಿಯೂ ಯಾರೂ ಜಾಮೀನಿಗೆ ಸಿಗಲಿಲ್ಲ ಅನ್ನಿ. ಆಗಲೂ ದಾರಿ ಇದೆ. ಅದೇ 2023ರ ಆದೇಶದ ಪ್ರಕಾರ, ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡು ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಅಲ್ಲಿಯವರೆಗೆ ಕಾಯಬೇಕಿಲ್ಲ, ಮೊತ್ತ ಇಳಿಸಿ ಅಂತ ಈಗಲೇ ಅರ್ಜಿ ಹಾಕಬಹುದು. ಜಾಮೀನಿನ ಮೊತ್ತ ವಿಪರೀತ ಇರಬಾರದು ಅಂತ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲೇ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಇದೆ, 484ನೇ ಸೆಕ್ಷನ್. ಜಾಮೀನುದಾರರ ಬದಲು ನಗದು ಇಡಲು ಕೋರ್ಟು ಒಪ್ಪುವುದೂ ಉಂಟು. ಹಾಗೆ ಇಟ್ಟರೆ ಕೋರ್ಟಿನ ರಸೀದಿ ಜೋಪಾನ, ಕೇಸು ಮುಗಿದ ಮೇಲೆ ಹಣ ವಾಪಸ್ ಕೇಳಲು ಅದೇ ಬೇಕು. ತೀರಾ ಬಡವರಿಗೆ ಜಾಮೀನಿನ ಹಣಕ್ಕೆ ನೆರವಾಗುವ ಕೇಂದ್ರದ ಯೋಜನೆಯೊಂದು 2023ರಿಂದ ಇದೆ. ಅದನ್ನೂ ಕಾನೂನು ನೆರವಿನ ವಕೀಲರ ಹತ್ತಿರ ಕೇಳಿ.

ಬಿಡುಗಡೆ ಆದ ಮೇಲೆ ಒಂದು ವಾಯಿದೆಯನ್ನೂ ತಪ್ಪಿಸಬಾರದು ಅಂತ ತಮ್ಮನಿಗೆ ಗಟ್ಟಿಯಾಗಿ ಹೇಳಿ. ವಾರಂಟ್ ಬಂದರೆ ಜಾಮೀನಿಗೆ ನಿಂತವರೂ ಕೋರ್ಟಿಗೆ ಅಲೆಯಬೇಕಾಗುತ್ತದೆ. ಜಗಳವಾಡಿದ ಎದುರು ಪಾರ್ಟಿಯವರ ಮನೆಗೆ ರಾಜಿ ಮಾತಾಡಲು ನೀವಾಗಿ ಹೋಗಬೇಡಿ. ಸಾಕ್ಷಿಗಳನ್ನು ಹೆದರಿಸಿದರು ಅಂದರೆ ಜಾಮೀನಿಗೇ ಕುತ್ತು.

ನಾಳೆ ಪಹಣಿ ಕೈಗೆ ಬಂದ ಮೇಲೆ ಯಾರ ಹೆಸರಿದೆ, ಜಾಮೀನಿನ ಆದೇಶದಲ್ಲಿ ‘ಸ್ಥಳೀಯ’ ಅನ್ನುವ ಪದ ಇದೆಯಾ ಅಂತ ನೋಡಿ ಬರೆಯಿರಿ. ಅದರ ಮೇಲೆ ಯಾವ ಅರ್ಜಿ ಬೇಕು ಅಂತ ಹೇಳುತ್ತೇನೆ.